ಕೆರೆಗೆ ಖಾಲಿ ಜಾಗವೂ ಬೇಕು

ಹಿಂಗಾರು ಶುರುವಾಯಿತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದೇ ಬಗೆಯ ಚಿತ್ರ. ಕೋಡಿ ಬಿದ್ದ ಕೆರೆ, ಏರಿಯ ಮೇಲೆ ಶಾಮಿಯಾನ, ಮೊರದ ಬಾಗಿನ ಹಿಡಿದು ನಿಂತ ಶಾಸಕರು. ಜೊತೆಗೆ ತಾಲ್ಲೂಕಿನಲ್ಲಿ ಎಷ್ಟು ಕೆರೆ ತುಂಬಿವೆ, ಇನ್ನೆಷ್ಟು ತುಂಬಬೇಕು ಎಂಬ ಪಟ್ಟಿ. ಕೆಲವು ಸಲ ಅದೇ ಪುಟದ ಕೆಳಗೆ ಇನ್ನೊಂದು ಸುದ್ದಿ ಇರುತ್ತದೆ: ಪಕ್ಕದೂರಿನ ಕೆರೆ ಏರಿ ಒಡೆದು ಕಟಾವಿಗೆ ಬಂದ ರಾಗಿ ಕೊಚ್ಚಿಹೋಗಿದೆ, ಮನೆಗಳಿಗೆ ನೀರು ನುಗ್ಗಿದೆ. ಮೊದಲನೆಯದು ಸರ್ಕಾರದ ಸಾಧನೆ, ಎರಡನೆಯದು ವರುಣನ ಮುನಿಸು ಎಂದು ಓದಿಕೊಂಡು ಪುಟ ತಿರುಗಿಸುವುದು ನಮಗೆ ರೂಢಿಯಾಗಿಬಿಟ್ಟಿದೆ. ಈ ಎರಡೂ ಸುದ್ದಿಗಳ ಬೇರು ಒಂದೇ. ತುಂಬಿದ ಕೆರೆಯೇ ಒಳ್ಳೆಯ ಕೆರೆ, ವರ್ಷವಿಡೀ ತುಂಬಿಯೇ ಇದ್ದರೆ ಇನ್ನೂ ಒಳ್ಳೆಯದು ಎಂಬ ನಂಬಿಕೆಯೇ ಆ ಬೇರು. ಹಳ್ಳಿಯ ಕಟ್ಟೆಯಿಂದ ವಿಧಾನಸೌಧದವರೆಗೆ ಇದನ್ನು ಪ್ರಶ್ನಿಸುವವರಿಲ್ಲ. ಇದು ತಪ್ಪು, ಜೀವಕ್ಕೆ ಎರವಾಗುವ ತಪ್ಪು.

ಕೆರೆಯ ಏರಿ ಒಂದು ಮಣ್ಣಿನ ಅಣೆಕಟ್ಟು. ಅದು ಮಾಡುವ ಕೆಲಸ ಎರಡು. ಮಳೆ ನಿಂತ ಮೇಲೆ ಬೇಕಾಗುವ ನೀರನ್ನು ಹಿಡಿದಿಡುವುದು ಒಂದು. ಮಳೆ ಸುರಿಯುತ್ತಿರುವಾಗ ಹಳ್ಳದ ರಭಸವನ್ನು ತಡೆದು, ಕೆಳಗಿನ ಊರಿಗೆ ನೀರನ್ನು ನಿಧಾನವಾಗಿ ಬಿಡುವುದು ಇನ್ನೊಂದು. ಮೊದಲ ಕೆಲಸಕ್ಕೆ ಕೆರೆಯಲ್ಲಿ ನೀರಿರಬೇಕು, ಎರಡನೆಯದಕ್ಕೆ ಜಾಗವಿರಬೇಕು. ಕೋಡಿಯ ಮಟ್ಟಕ್ಕೆ ತುಂಬಿ ನಿಂತ ಕೆರೆಯ ಮೇಲೆ ದೊಡ್ಡ ಮಳೆ ಬಿದ್ದರೆ, ಮೇಲಿಂದ ಬಂದ ನೀರಿನಲ್ಲಿ ಬಹುಪಾಲು ಆಗಿಂದಾಗಲೇ ಕೋಡಿ ದಾಟಿ ಹೋಗಬೇಕು. ಅಲ್ಲಿಗೆ ಕೆರೆ ಇದ್ದೂ ಕೆಳಗಿನ ಊರಿಗೆ ಹೆಚ್ಚಿನ ಉಪಕಾರವಾಗಲಿಲ್ಲ. ಏರಿ ಒಡೆದರೆ ಉಪಕಾರವಿರಲಿ, ಅಪಾಯ ಹಲವು ಪಟ್ಟಾಗುತ್ತದೆ. ಹಳ್ಳದಲ್ಲಿ ಗಂಟೆಗಟ್ಟಲೆ ಹರಿಯಬೇಕಾದ ನೀರು ನಿಮಿಷಗಳಲ್ಲಿ ಊರಿನ ಮೇಲೆ ಬೀಳುತ್ತದೆ.

ಎಷ್ಟು ಜಾಗ ಬೇಕು ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ, ಯಾರು ಬೇಕಾದರೂ ಗುಣಿಸಿ ನೋಡಬಹುದು. ನೀರು ನಿಲ್ಲುವ ಅಂಗಳ ನೂರು ಎಕರೆ ಇರುವ ಒಂದು ಸಾಧಾರಣ ಕೆರೆ. ಅದರ ನೀರನ್ನು ಕೋಡಿಯ ಮಟ್ಟಕ್ಕಿಂತ ಎರಡೇ ಅಡಿ ಕೆಳಗೆ ಇಟ್ಟರೆ ಸಿಗುವ ಜಾಗ ಹೆಚ್ಚುಕಡಿಮೆ 87 ಲಕ್ಷ ಘನ ಅಡಿ. ಈ ಕೆರೆಯ ಜಲಾನಯನ ಐದು ಚದರ ಕಿಲೋಮೀಟರ್ ಎನ್ನಿ. ಒಂದೇ ರಾತ್ರಿ 100 ಮಿಲಿಮೀಟರ್ ಮಳೆ ಸುರಿದು, ಅದರಲ್ಲಿ ಅರ್ಧ ಇಂಗದೆ ಹರಿದು ಬಂದರೆ ಆ ನೀರು 88 ಲಕ್ಷ ಘನ ಅಡಿ. ಅಂದರೆ ಬರೀ ಎರಡಡಿ ಖಾಲಿ ಬಿಟ್ಟಿದ್ದರೆ ಆ ರಾತ್ರಿಯ ನೀರು ಹೆಚ್ಚುಕಡಿಮೆ ಪೂರ್ತಿ ಕೆರೆಯಲ್ಲೇ ನಿಲ್ಲುತ್ತಿತ್ತು. ಬೆಳಿಗ್ಗೆ ಕೆರೆಯೂ ತುಂಬಿರುತ್ತಿತ್ತು, ಊರೂ ಉಳಿದಿರುತ್ತಿತ್ತು. ಕೆರೆಯಿಂದ ಕೆರೆಗೆ ಈ ಅಂಕಿಗಳು ಬದಲಾಗುತ್ತವೆ. ಜಲಾನಯನ ದೊಡ್ಡದಾಗಿ ಅಂಗಳ ಚಿಕ್ಕದಾದರೆ ಎರಡಡಿ ಸಾಲದು. ಹಾಗಾಗಿಯೇ ಕೆರೆಕೆರೆಗೂ ಈ ಲೆಕ್ಕ ಹಾಕಿ ಊರಿನವರ ಮುಂದಿಡಬೇಕು. ಕೆರೆ ತುಂಬಿಸಲು ಕೋಟಿಗಟ್ಟಲೆ ಸುರಿಯುವ ಇಲಾಖೆಗಳು ಇಷ್ಟು ಚಿಕ್ಕ ಲೆಕ್ಕವನ್ನೂ ಜನರಿಗೆ ತೋರಿಸುವುದಿಲ್ಲ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು, ಅದನ್ನು ಹಗುರವಾಗಿ ಕಾಣಲಾರೆ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ತುಮಕೂರು ಕಡೆಯ ರೈತ ಕೊಳವೆಬಾವಿಯನ್ನು ಸಾವಿರ ಅಡಿ ದಾಟಿಸಿ, ಅಲ್ಲಿಯೂ ಧೂಳು ಬಂದದ್ದನ್ನು ಕಂಡವನು. ಕೆರೆ ತುಂಬಿದ್ದನ್ನು ಚಿಕ್ಕಂದಿನಲ್ಲಿ ನೋಡಿದವನು ಮತ್ತೆ ನೋಡುವ ಹೊತ್ತಿಗೆ ಅವನಿಗೆ ಮೊಮ್ಮಕ್ಕಳಾಗಿರುತ್ತಾರೆ. ಅವನೆದುರು ನಿಂತು ತೂಬು ಎತ್ತಿ ಎರಡಡಿ ನೀರು ಬಿಡು ಎಂದರೆ ಸಿಟ್ಟು ಬರದೆ ಇರದು. ಬರ ಉಂಡವನಿಗೆ ನೀರು ಬಿಡುವುದು ಪಾಪವೆಂದೇ ಕಾಣುತ್ತದೆ. ಆ ಭಯ ನಿಜವಾದದ್ದು. ಆದರೆ ಆ ಭಯವನ್ನೇ ನೀತಿಯಾಗಿ ಬರೆದುಕೊಂಡವರು ರೈತರಲ್ಲ, ಯೋಜನೆ ರೂಪಿಸುವವರು. ಅವರಿಗೆ ಈ ನೆಪವಿಲ್ಲ.

ಪಂಪಿನಿಂದ ತುಂಬುವ ಕೆರೆಗಳನ್ನೇ ನೋಡಿ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಲ್ಲಿ ಮೊದಲ ಸಲ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರ್ ಹರಿಸುವುದು ಆ ಯೋಜನೆಯ ಗುರಿ. ಮೇಲೆ ಹೇಳಿದ ನೂರು ಎಕರೆ ಕೆರೆಯ ಎರಡಡಿ ನೀರು ಸುಮಾರು 247 ದಶಲಕ್ಷ ಲೀಟರ್. ಇಡೀ ಯೋಜನೆಯ ಒಂದು ದಿನದ ಹರಿವಿಗಿಂತ ಕಡಿಮೆ. ಆ ಹರಿವು ನೂರಕ್ಕೂ ಹೆಚ್ಚು ಕೆರೆಗಳಿಗೆ ಹಂಚಿಹೋಗುತ್ತದೆ, ನಿಜ. ಆದರೂ ಒಂದು ಮಾತು ಉಳಿಯುತ್ತದೆ: ಮಳೆಯನ್ನೇ ನಂಬಿದ ಕೆರೆಗೆ ಖಾಲಿ ಬಿಟ್ಟ ಜಾಗ ಮತ್ತೆ ತುಂಬದಿರಬಹುದು ಎಂಬ ಅಳುಕಿದೆ, ಪಂಪಿನ ಕೆರೆಗೆ ಆ ಅಳುಕಿಲ್ಲ. ಇಂದು ಬಿಟ್ಟದ್ದು ಕೆಲವು ವಾರಗಳಲ್ಲಿ ಹಿಂದಿರುಗುತ್ತದೆ. ಜಾಗ ಬಿಡುವ ಅನುಕೂಲ ಯಾವ ಕೆರೆಗೆ ಎಲ್ಲಕ್ಕಿಂತ ಹೆಚ್ಚಿದೆಯೋ ಅದನ್ನೇ ನಾವು ಮಳೆಗಾಲಕ್ಕೆ ಮೊದಲೇ ಕಂಠಮಟ್ಟ ತುಂಬಿಸಿ ನಿಲ್ಲಿಸುತ್ತಿದ್ದೇವೆ. ಆ ನೀರನ್ನು ನೇರವಾಗಿ ಹೊಲಕ್ಕೆ ಹಾಯಿಸಬಾರದು, ಅಂತರ್ಜಲಕ್ಕಷ್ಟೇ ಬಿಡಬೇಕು ಎಂಬ ನಿಯಮ ಇರುವುದರಿಂದ ತೂಬು ಎತ್ತುವಂತಿಲ್ಲ ಎನ್ನುತ್ತಾರೆ. ಬೇಡ, ಎತ್ತಬೇಡಿ. ಆಗಸ್ಟ್‌ನಲ್ಲಿ ಕೆಲವು ವಾರ ಪಂಪು ನಿಲ್ಲಿಸಿ. ಇಂಗಿ, ಆವಿಯಾಗಿ ನೀರು ತಾನೇ ಇಳಿಯುತ್ತದೆ. ಆ ಸೀಮೆಗೆ ದೊಡ್ಡ ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಒಮ್ಮೊಮ್ಮೆ ನವೆಂಬರಿನಲ್ಲೂ. 2021ರ ನವೆಂಬರಿನ ಮಳೆಯನ್ನು ಕೋಲಾರದವರು ಮರೆತಿರಲಾರರು. ಮೊದಲೇ ನೀರಿದ್ದ ಕೆರೆಗಳ ಮೇಲೆ ಅದು ಸುರಿಯಿತು, ಕೆರೆಯ ಮೇಲೆ ಕೆರೆ ಕೋಡಿ ಹರಿಯಿತು, ಕೊಯ್ಲಿಗೆ ಬಂದ ರಾಗಿ ನೀರಲ್ಲೇ ಮೊಳೆಯಿತು.

ತೂಬಿನ ವಿಷಯಕ್ಕೆ ಬರೋಣ, ಏಕೆಂದರೆ ಅತಿ ದೊಡ್ಡ ಅನಾಹುತ ನಡೆದಿರುವುದು ಅಲ್ಲೇ. ಬಯಲುಸೀಮೆಯ ಎಷ್ಟೋ ಕೆರೆಗಳಲ್ಲಿ ಇವತ್ತು ತೂಬು ಮುಚ್ಚಿಹೋಗಿದೆ. ಕೆಲವು ಕಡೆ ಹೂಳು ಮುಚ್ಚಿದೆ. ಇನ್ನು ಕೆಲವು ಕಡೆ ಊರಿನವರೇ ಕಲ್ಲು, ಕಾಂಕ್ರೀಟ್ ತುಂಬಿ ಮುಚ್ಚಿದ್ದಾರೆ. ಗದ್ದೆಗೆ ನೀರು ಬಿಡುವುದಕ್ಕಿಂತ ಕೆರೆಯಲ್ಲೇ ಇಂಗಿ ಕೊಳವೆಬಾವಿಗೆ ಬರಲಿ ಎಂಬುದು ಅವರ ಲೆಕ್ಕ. ಕೊಳವೆಬಾವಿ ಇದ್ದವನಿಗೆ ಆ ಲೆಕ್ಕ ಸರಿ. ಆದರೆ ಮುಚ್ಚಿದ ತೂಬಿನ ಕೆರೆಗೆ ನೀರು ಹೊರಹೋಗಲು ಉಳಿಯುವುದು ಕೋಡಿಯೊಂದೇ. ಏರಿ ಜರಿಯುವ ಸೂಚನೆ ಕಂಡ ದಿನ ನೀರಿನ ಮಟ್ಟವನ್ನು ಇಳಿಸುವ ಉಪಾಯವೇ ಇರುವುದಿಲ್ಲ. ಆಗ ಕತ್ತಲಲ್ಲಿ ಜೆಸಿಬಿ ತಂದು ಕೋಡಿಯನ್ನೋ ಏರಿಯನ್ನೋ ಕಡಿಯುತ್ತಾರೆ. ಆ ನೀರು ಕೆಳಗಿನ ಊರಿನವರ ಮೇಲೆ ಹೋಗುತ್ತದೆ, ಮಲಗಿದ್ದವರಿಗೆ ಎದ್ದು ಓಡಲೂ ಹೊತ್ತಿರುವುದಿಲ್ಲ. ಚನ್ನಗಿರಿಯ ಸೂಳೆಕೆರೆ ಕಟ್ಟಿದವರು ತೂಬುಗಳನ್ನು ಎಷ್ಟು ಮುಖ್ಯವೆಂದು ಎಣಿಸಿದ್ದರೆಂದರೆ ಇಂದಿಗೂ ಅವನ್ನು ಸಿದ್ಧ ತೂಬು, ಬಸವ ತೂಬು ಎಂದು ಹೆಸರು ಹಿಡಿದು ಕರೆಯುತ್ತಾರೆ. ನಾವು ಅದೇ ಅಂಗವನ್ನು ಸಿಮೆಂಟು ತುರುಕಿ ಕೊಂದಿದ್ದೇವೆ.

ಕೋಡಿಯ ಗತಿ ಇದಕ್ಕಿಂತ ಮೇಲಲ್ಲ. ನಿಮ್ಮೂರಿನ ಹತ್ತಿರದ ಕೋಡಿಗೆ ಒಮ್ಮೆ ಹೋಗಿ ನಿಂತು ನೋಡಿ. ಕಲ್ಲುಗಾರೆಯ ಕಟ್ಟೆಯ ಮೇಲೆ ಒಂದು ಸಾಲು ಮರಳಿನ ಚೀಲ. ಇನ್ನೊಂದಡಿ ನೀರು ನಿಲ್ಲಲಿ ಎಂದು ಹೋದ ವರ್ಷ ಇಟ್ಟದ್ದು, ಈಗ ಅದರ ಮೇಲೆ ಹುಲ್ಲು ಬೆಳೆದಿದೆ. ಮೀನು ಗುತ್ತಿಗೆ ಹಿಡಿದವನು ಮರಿ ಹೊರಗೆ ಹೋಗದಿರಲೆಂದು ಅಗಲಕ್ಕೂ ಕಟ್ಟಿದ ಬಲೆ. ಆ ಬಲೆಗೆ ಅಂತರಗಂಗೆ, ತೆಂಗಿನ ಗರಿ, ಪ್ಲಾಸ್ಟಿಕ್ ಚೀಲ, ಹಳೆಯ ಹೂವಿನ ಹಾರ. ಕೋಡಿಹಳ್ಳದಲ್ಲಿ ಆಳೆತ್ತರದ ಬಳ್ಳಾರಿ ಜಾಲಿ. ಇನ್ನೂ ಕೆಳಗೆ ಹೋದರೆ ಹಳ್ಳವನ್ನೇ ಒತ್ತಿ ಹಾಕಿದ ಬಾಳೆ ತೋಟ ಅಥವಾ ಸೈಟು. ಇವನ್ನೆಲ್ಲ ಕಂಡೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೋಡಿಯ ಅರ್ಧ ಅಗಲ ಮುಚ್ಚಿದರೆ ಅರ್ಧದಷ್ಟೇ ತೊಂದರೆ ಎಂದು ಅಂದಾಜು. ಹಾಗಾಗುವುದಿಲ್ಲ. ಪೂರ್ತಿ ಅಗಲದಲ್ಲಿ ಎರಡಡಿ ಎತ್ತರ ಹರಿದು ಹೋಗುವ ನೀರು ಅರ್ಧ ಅಗಲದಲ್ಲಿ ಹೋಗಬೇಕಾದರೆ ಮೂರಡಿಗಿಂತ ಹೆಚ್ಚು ಎತ್ತರಕ್ಕೆ ಏರಬೇಕು. ಏರಿಯ ನೆತ್ತಿಗೂ ಕೋಡಿಯ ಮಟ್ಟಕ್ಕೂ ನಡುವೆ ಇರುವುದೇ ಮೂರಡಿಯಾದರೆ ನೀರು ಏರಿಯನ್ನು ಹತ್ತಿ ದಾಟುತ್ತದೆ. ಕಲ್ಲಿನ ಅಣೆಕಟ್ಟಿನ ಮೇಲೆ ನೀರು ಹರಿದರೆ ಅದು ತಾಳಿಕೊಳ್ಳಬಹುದು. ಮಣ್ಣಿನ ಏರಿಯ ಮೇಲೆ ಒಂದು ಗೇಣು ನೀರು ಒಂದೆರಡು ಗಂಟೆ ಹರಿದರೂ ಹಿಂಬದಿಯ ಮಣ್ಣು ಕೊರೆದು, ಕೊರಕಲು ನೆತ್ತಿಗೆ ಮುಟ್ಟಿ, ಏರಿ ಬಾಯಿ ಬಿಡುತ್ತದೆ. ಪ್ರಪಂಚದಲ್ಲಿ ಒಡೆದಿರುವ ಮಣ್ಣಿನ ಅಣೆಕಟ್ಟುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಹೀಗೆ ನೆತ್ತಿಯ ಮೇಲೆ ನೀರು ಹರಿದೇ ಒಡೆದಿವೆ.

ಇಂಥ ತಪ್ಪುಗಳೆಲ್ಲ ಒಂದೇ ಕಡೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ದಾಖಲೆ ಇದೆ. ಅಲ್ಲಿನ ಸೌತ್ ಫೋರ್ಕ್ ಅಣೆಕಟ್ಟು ಮಣ್ಣಿನದು. ತಳದಲ್ಲಿ ನೀರು ಬಿಡಲು ಇದ್ದ ಎರಕದ ಕೊಳವೆಗಳನ್ನು ಹಿಂದಿನವರು ಕಿತ್ತು ಮಾರಿದ್ದರು, ಅವನ್ನು ಮತ್ತೆ ಹಾಕಲಿಲ್ಲ. ಕೆರೆಯನ್ನು ವಿಹಾರಕ್ಕೆಂದು ಕೊಂಡ ಶ್ರೀಮಂತರ ಕ್ಲಬ್ಬು ಮೀನು ತಪ್ಪಿಸಿಕೊಳ್ಳದಂತೆ ಕೋಡಿಗೆ ಜಾಲರಿ ಹಾಕಿಸಿತು. ಗಾಡಿ ಓಡಾಡಲೆಂದು ಏರಿಯ ನೆತ್ತಿಯನ್ನು ತಗ್ಗಿಸಿ ಅಗಲ ಮಾಡಿದರು. 1889ರ ಮೇ 31ರಂದು ದೊಡ್ಡ ಮಳೆಗೆ ನೀರು ಏರಿಯ ಮೇಲೆ ಹತ್ತಿತು, ಏರಿ ಒಡೆಯಿತು, ಕೆಳಗಿನ ಜಾನ್ಸ್‌ಟೌನ್‌ನಲ್ಲಿ 2,209 ಜನ ಸತ್ತರು. ಮುಚ್ಚಿದ ತೂಬು, ಬಲೆ ಕಟ್ಟಿದ ಕೋಡಿ, ರಸ್ತೆಗಾಗಿ ಹದಗೆಡಿಸಿದ ಏರಿ: ನಮ್ಮ ತಾಲ್ಲೂಕಿನಲ್ಲಿ ಈ ಮೂರೂ ಇಲ್ಲದ ಕೆರೆ ಎಷ್ಟಿವೆ ಎಂದು ಯಾರಾದರೂ ಎಣಿಸಿದ್ದಾರೆಯೇ?

ಏರಿ ಒಡೆಯುವ ಇನ್ನೊಂದು ದಾರಿ ಸೋರಿಕೆ. ಇದನ್ನು ಹಳಬರು ಚೆನ್ನಾಗಿ ಬಲ್ಲರು. ಏರಿಯ ಹಿಂಬದಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಗಮನವಿಟ್ಟಿರಬೇಕು, ಅಷ್ಟೆ. ಅದೇ ನೀರು ಕೆಂಪಾದರೆ ಒಳಗೆ ಮಣ್ಣು ಕರಗಿ ಬರುತ್ತಿದೆ ಎಂದರ್ಥ, ಆಗ ಕಾಯುವಂತಿಲ್ಲ. ಏಡಿ, ಹೆಗ್ಗಣಗಳ ಬಿಲ, ಹುತ್ತ, ಸತ್ತ ಮರದ ಬೇರು ಕೊಳೆತು ಬಿಟ್ಟ ಪೊಟರೆ, ಇವೆಲ್ಲ ನೀರಿಗೆ ಒಳದಾರಿ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ 2019ರ ಜುಲೈ 2ರ ರಾತ್ರಿ ಒಂದು ಚಿಕ್ಕ ಮಣ್ಣಿನ ಅಣೆಕಟ್ಟು ಒಡೆದು ಹತ್ತೊಂಬತ್ತಕ್ಕೂ ಹೆಚ್ಚು ಜನ ಸತ್ತಾಗ, ಅಲ್ಲಿನ ಜಲಸಂರಕ್ಷಣಾ ಸಚಿವರು ಏಡಿಗಳೇ ಕಾರಣ ಎಂದರು. ಸೋರುತ್ತಿದೆ ಎಂದು ಊರಿನವರು ಮೊದಲೇ ದೂರು ಕೊಟ್ಟಿದ್ದರು. ಏಡಿ ಬಿಲ ತೋಡುವುದು ಹೊಸ ವಿಷಯವಲ್ಲ. ಬಿಲ ಕಂಡಾಗ ಮುಚ್ಚಲು ಒಬ್ಬ ಮನುಷ್ಯ ಇರಲಿಲ್ಲ ಎಂಬುದು ಕಾರಣ.

ನಮ್ಮಲ್ಲಿ ಆ ಮನುಷ್ಯನಿದ್ದ. ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ರಾತ್ರಿ ಮಳೆ ಬಂದರೆ ಲಾಂದ್ರ ಹಿಡಿದು ಏರಿಯ ಮೇಲೆ ನಡೆಯುವುದು ಅವನ ಪಾಲಿನ ಕೆಲಸ. ಹೆಚ್ಚಿನ ಕಡೆ ಅವನು ದಲಿತ ಕೇರಿಯವನು. ಕೆಲಸ ಜೀವ ಉಳಿಸುವುದು, ಸಿಗುತ್ತಿದ್ದದ್ದು ಕಣದ ಕಾಳು, ತುಂಡು ಇನಾಮು ಜಮೀನು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದು ಮಾಡಿದ್ದು ನ್ಯಾಯವೇ. ಜಾತಿಯ ಕಟ್ಟಿನಲ್ಲಿ ಒಬ್ಬನನ್ನು ದುಡಿಸಿಕೊಳ್ಳುವ ಪದ್ಧತಿ ಹಿಂದಿರುಗಲಿ ಎಂದು ನಾನು ಹೇಳುವುದಿಲ್ಲ. ಆದರೆ ಹುದ್ದೆ ಹೋದ ಜಾಗದಲ್ಲಿ ಸಂಬಳ, ರಜೆ, ಗೌರವ ಇರುವ ಒಂದು ನೌಕರಿಯನ್ನು ಸರ್ಕಾರ ತರಬೇಕಿತ್ತು. ತರಲಿಲ್ಲ. ನೀರೆತ್ತುವ ಮೋಟಾರಿಗೆ ಆಪರೇಟರ್ ಇದ್ದಾನೆ, ಕೆರೆಯ ತೂಬಿಗೆ ಯಾರೂ ಇಲ್ಲ.

ಒಂದು ಕೆರೆಯ ತಪ್ಪು ಅಲ್ಲಿಗೇ ನಿಲ್ಲುವುದಿಲ್ಲ ಎಂಬುದನ್ನೂ ನೆನಪಿಡಬೇಕು. ನಮ್ಮ ನಾಡಿನ ಮೂವತ್ತಾರು ಸಾವಿರದಷ್ಟು ಕೆರೆಗಳಲ್ಲಿ ಬಹುಪಾಲು ಸರಣಿಯಲ್ಲಿವೆ. ಮೇಲಿನದರ ಕೋಡಿ ನೀರು ಕೆಳಗಿನದಕ್ಕೆ ಒಳಹರಿವು. ಹಳೆಯ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1860ರ ದಶಕದಲ್ಲೇ ಇಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದು ಕಷ್ಟ ಎಂದು ಬರೆದದ್ದು ಅದಕ್ಕೇ. ಮೇಲಿನ ಏರಿ ಒಡೆದರೆ ಆ ನೀರು ಕೆಳಗಿನ ಕೆರೆಗೆ ಬರುತ್ತದೆ, ಅದೂ ತುಂಬಿದ್ದರೆ ಅದೂ ಒಡೆಯುತ್ತದೆ. 1903ರ ನವೆಂಬರಿನಲ್ಲಿ ಪಾಲಾರ್ ನದಿಯ ಮೇಲ್ಭಾಗದ ನಮ್ಮ ಕೋಲಾರ ಸೀಮೆಯಲ್ಲಿ ಕೆರೆಗಳು ಒಡೆದವು. ಆ ಪ್ರವಾಹ ತಮಿಳುನಾಡಿನ ವಾಣಿಯಂಬಾಡಿ ಪಟ್ಟಣವನ್ನು ಕೊಚ್ಚಿಕೊಂಡು ಹೋಯಿತು. ತೀರಿಹೋದವರ ನೆನಪಿನ ಕಂಬ ಅಲ್ಲಿ ಈಗಲೂ ಇದೆ.

ಖಾಲಿ ಇಡುವುದಕ್ಕೇ ಅಣೆಕಟ್ಟು ಕಟ್ಟುವವರೂ ಇದ್ದಾರೆ ಎಂದರೆ ನಮ್ಮಲ್ಲಿ ನಂಬುವುದಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಮಯಾಮಿ ಕಣಿವೆಯಲ್ಲಿ 1913ರ ಪ್ರವಾಹಕ್ಕೆ ಮುನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ ಅಲ್ಲಿನವರು ಐದು ಮಣ್ಣಿನ ಅಣೆಕಟ್ಟು ಕಟ್ಟಿ 1922ರಲ್ಲಿ ಮುಗಿಸಿದರು. ಅವುಗಳ ತಳದ ಕಿಂಡಿಗಳಿಗೆ ಬಾಗಿಲೇ ಇಲ್ಲ. ಉಳಿದ ದಿನ ನದಿ ಸುಮ್ಮನೆ ಹರಿದುಹೋಗುತ್ತದೆ, ಹಿಂದಿನ ಜಮೀನಿನಲ್ಲಿ ಬೇಸಾಯ ನಡೆಯುತ್ತದೆ. ದೊಡ್ಡ ಮಳೆ ಬಂದಾಗ ಮಾತ್ರ ಕಿಂಡಿಗೆ ಸಾಲದ ನೀರು ಹಿಂದೆ ನಿಂತು, ಮೆಲ್ಲಗೆ ಇಳಿಯುತ್ತದೆ. ಅವು ದೊಡ್ಡವು, ಪಟ್ಟಣ ಕಾಯುವಂಥವು. ನಮ್ಮ ಕೆರೆಯಷ್ಟೇ ಚಿಕ್ಕವು ಬೇಕೆಂದರೆ ಒಕ್ಲಹೋಮಾ ನೋಡಬಹುದು. ಅಲ್ಲಿ ವಾಶಿಟಾ ನದಿಯ ಹಳ್ಳವೊಂದರ ಮೇಲೆ 1948ರಲ್ಲಿ ಶುರುವಾದ ಕೆಲಸದಿಂದ ಇಂದು ಆ ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು, ದೇಶದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಮಣ್ಣಿನ ಚಿಕ್ಕ ಅಣೆಕಟ್ಟುಗಳಾಗಿವೆ. ಅಡಿಯಲ್ಲಿ ಸ್ವಲ್ಪ ನೀರು ಸದಾ ಇರುತ್ತದೆ, ದನಕರುಗಳಿಗೆ, ಮೀನಿಗೆ. ಅದರ ಮೇಲಿನ ಜಾಗ ಪ್ರವಾಹಕ್ಕೆಂದೇ ಮೀಸಲು. ಮಳೆ ಮುಗಿದ ಕೆಲವೇ ದಿನಗಳಲ್ಲಿ ಕೊಳವೆಯ ಮೂಲಕ ತಾನಾಗಿ ಖಾಲಿಯಾಗುತ್ತದೆ. ಯಾರೂ ಬೇಡಿಕೊಳ್ಳಬೇಕಿಲ್ಲ, ಯಾರ ಅನುಮತಿಗೂ ಕಾಯಬೇಕಿಲ್ಲ. ಅಲ್ಲಿಯೂ ಅಣೆಕಟ್ಟುಗಳಿಗೆ ವಯಸ್ಸಾಗಿದೆ, ಕೆಳಗೆ ಮನೆಗಳೆದ್ದಿವೆ. ಅದಕ್ಕೆಂದೇ ದುರಸ್ತಿಯ ಕಾನೂನನ್ನೂ 2000ದಲ್ಲಿ ಮಾಡಿಕೊಂಡರು.

ಇದು ಅಮೆರಿಕದ ವಿದ್ಯೆ, ನಮಗೆ ಒಗ್ಗದು ಎನ್ನುವವರು ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆ ಶಾಸನವನ್ನು ನೋಡಬೇಕು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ್ದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಇರಬಾರದ ಆರು ದೋಷಗಳನ್ನೂ ಅದು ಹೇಳುತ್ತದೆ. ಏರಿಯಿಂದ ನೀರು ಸೋರುವುದು ಒಂದು ದೋಷ. ಇರುವ ಭೂಮಿಗೆ ಮೀರಿ ನೀರು ಹೆಚ್ಚಾಗುವುದು ಇನ್ನೊಂದು. ಆರೂವರೆ ಶತಮಾನದ ಹಿಂದೆ ಕಲ್ಲಿನ ಮೇಲೆ ಅತಿ ನೀರನ್ನು ದೋಷವೆಂದು ಕೆತ್ತಿಸಿದ ನಾಡು ಇದು.

ಇಂದಿನ ಕಾಯಿದೆ ಏನು ಹೇಳುತ್ತದೆ? 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಹದಿನೈದು ಮೀಟರಿಗಿಂತ ಎತ್ತರದವನ್ನು, ಕೆಲವು ಷರತ್ತುಗಳೊಂದಿಗೆ ಹತ್ತು ಮೀಟರ್ ದಾಟಿದವನ್ನು ಮಾತ್ರ ಅಣೆಕಟ್ಟೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಮ್ಮ ಹಳ್ಳಿಯ ಕೆರೆ ಏರಿಗಳಲ್ಲಿ ಬಹುಪಾಲು ಅಷ್ಟೆತ್ತರವಿಲ್ಲ. ಹಾಗಾಗಿ ಅವುಗಳಿಗೆ ತಪಾಸಣೆಯ ಕಡ್ಡಾಯವಿಲ್ಲ, ಒಡೆದರೆ ನೀರು ಎಲ್ಲಿಯವರೆಗೆ ಹೋಗುತ್ತದೆಂಬ ನಕ್ಷೆಯಿಲ್ಲ. ಹಣ ಬರುವುದು ಹೂಳು ತೆಗೆಯುವುದಕ್ಕೆ, ಏಕೆಂದರೆ ತೆಗೆದ ಹೂಳನ್ನು ಲಾರಿಲೋಡಿನಲ್ಲಿ ಎಣಿಸಬಹುದು. ತೂಬಿನ ಮಟ್ಟಕ್ಕಿಂತ ಕೆಳಗೆ ತೋಡಿದ ಗುಂಡಿ ಮುಂಗಾರಿನಲ್ಲೇ ತುಂಬಿ ಹಾಗೇ ನಿಲ್ಲುತ್ತದೆ. ಅಕ್ಟೋಬರಿನ ಪ್ರವಾಹಕ್ಕೆ ಅದರಿಂದ ಒಂದು ಕೊಡದಷ್ಟೂ ಜಾಗ ಸಿಗುವುದಿಲ್ಲ. ಏರಿಯ ಬುಡಕ್ಕೇ ತೋಡಿದರಂತೂ ಏರಿಯೇ ಸಡಿಲವಾಗುತ್ತದೆ. ಹೂಳು ತೆಗೆಯುವುದು ಬೇಡವೆಂದಲ್ಲ. ತೂಬು ರಿಪೇರಿ, ಕೋಡಿ ಬಿಡಿಸುವಿಕೆ, ಏರಿಯ ತಪಾಸಣೆ ಮುಗಿಯುವವರೆಗೆ ಹೂಳಿಗೆ ಒಂದು ರೂಪಾಯಿಯನ್ನೂ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಣ್ಣ ನೀರಾವರಿ ಇಲಾಖೆಗೂ ಗ್ರಾಮ ಪಂಚಾಯಿತಿಗಳಿಗೂ ಕೇಳುವುದು ಇಷ್ಟು. ಪ್ರತಿ ಕೆರೆಯ ತೂಬಿನ ಕಂಬದ ಮೇಲೆ ಮಳೆಗಾಲದ ಮಟ್ಟವನ್ನು ಬಣ್ಣದಲ್ಲಿ ಗುರುತು ಮಾಡಿ, ದೊಡ್ಡ ಮಳೆಯ ತಿಂಗಳುಗಳು ಮುಗಿಯುವವರೆಗೆ ನೀರು ಆ ಗೆರೆಯ ಕೆಳಗಿರಲಿ. ನೀರನ್ನು ನಿಧಾನವಾಗಿ, ದಿನಗಳ ಮೇಲೆ ಇಳಿಸಬೇಕು. ಒಂದೇ ರಾತ್ರಿ ಇಳಿಸಿದರೆ ನೆನೆದ ಏರಿಯ ಒಳಮೈ ಜರಿಯುತ್ತದೆ. ಬಿಟ್ಟ ನೀರು ಕೆಳಗಿನ ಕೆರೆಗೋ ಅಚ್ಚುಕಟ್ಟಿಗೋ ಹೋಗಲಿ. ಕೋಡಿಯ ಮೇಲಿನ ಚೀಲ, ಬಲೆ ಇಂದೇ ತೆಗೆಯಿರಿ, ಮೀನು ಗುತ್ತಿಗೆಯ ಕರಾರಿನಲ್ಲಿ ಇದನ್ನು ಬರೆಯಿರಿ. ಪ್ರತಿ ಸರಣಿಗೆ ಸಂಬಳದ ಒಬ್ಬ ಕೆರೆ ಕಾವಲುಗಾರನನ್ನು ನೇಮಿಸಿ, ಯಾವ ಜಾತಿಯವರಾದರೂ, ಹೆಣ್ಣಾದರೂ ಗಂಡಾದರೂ. ಈ ಸಲ ಬಾಗಿನ ಕೊಡಲು ಏರಿಗೆ ಹೋಗುವ ಓದುಗರಿಗೂ ಒಂದು ಬಿನ್ನಹ: ಪೂಜೆ ಮುಗಿದ ಮೇಲೆ, ಬಂದಿರುವ ಶಾಸಕರನ್ನೂ ಎಂಜಿನಿಯರನ್ನೂ ತೂಬಿನ ಬಳಿಗೆ ಕರೆದುಕೊಂಡು ಹೋಗಿ, ಅದನ್ನು ನಿಮ್ಮೆದುರಿಗೇ ಎತ್ತಿ ತೋರಿಸಲು ಹೇಳಿ. ಎತ್ತಲು ಆಗದಿದ್ದರೆ, ಯಾವ ದಿನಾಂಕದೊಳಗೆ ಸರಿಮಾಡುತ್ತಾರೆಂದು ಅಲ್ಲೇ ಬರೆಸಿಕೊಳ್ಳಿ.